ಒಂಬೈನೂರ ಮೂವತ್ತು ಫೋಟೊಗಳ ಬಾಲ

ನನ್ನ ತಂಗಿ ಬಿಸಿಲಲ್ಲಿ ಮನೆಮನೆ ತಿರುಗಿ ತೆಗೆದ ಒಂಬೈನೂರ ಮೂವತ್ತು ಫೋಟೊಗಳನ್ನು ನಾನು ಒಂದೇ ಒಂದು ಸಾಲು ಟೈಪ್ ಮಾಡಿ ಯಾರಿಗೂ ಕಾಣದ ಹಾಗೆ ಮಾಡಿದೆ. ಗೊತ್ತಿಲ್ಲದೆ ಆಯಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಅರ್ಧ ನಿಜ. ಉಳಿದದ್ದನ್ನೂ ಬರೆಯಬೇಕು.

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇದೆ. ಅಲ್ಲಿ ನಾನು ಕೆಲಸಕ್ಕಿದ್ದೇನೆ. ಓದಿದ್ದು ಎಂಟನೇ ಇಯತ್ತೆವರೆಗೆ. ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿಯಾಗಿ ಕಲಿತದ್ದು ತಂಗಿಯ ಪುಸ್ತಕ ನೋಡಿ, ಅವಳೇ ಹೇಳಿಕೊಟ್ಟದ್ದು. ಉಳಿದ ಕೆಲಸವನ್ನೆಲ್ಲ ಪಕ್ಕದವರು ಮಾಡುವುದನ್ನು ನೋಡಿ ಕಲಿತೆ. ಹಾಗೆ ಕಲಿತವನಿಗೆ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಗೊತ್ತಿರುತ್ತದೆ, ಯಾಕಾಗುತ್ತದೆ ಎಂದು ಗೊತ್ತಿರುವುದಿಲ್ಲ.

ಕಂಪ್ಯೂಟರಿನಲ್ಲಿ ಪ್ರತಿ ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ, ಚುಕ್ಕಿಯ ನಂತರ ಮೂರೋ ನಾಲ್ಕೋ ಅಕ್ಷರ ಇರುತ್ತವೆ. ಅದು ಎಂಥ ಫೈಲು ಎಂದು ಹೇಳುವುದೇ ಆ ಅಕ್ಷರಗಳು. ನಮ್ಮ ಅಂಗಡಿಯಲ್ಲಿ ಅದಕ್ಕೆ ಬಾಲ ಎನ್ನುತ್ತೇವೆ. ಅರ್ಜಿ ತುಂಬಲು ಬರುವ ಹುಡುಗರ ಫೋಟೊಗಳು ಎಷ್ಟೋ ಸಲ ಜೆಎಫ್‌ಐಎಫ್ ಎಂಬ ಬಾಲ ಹೊತ್ತು ಬರುತ್ತವೆ. ಅರ್ಜಿಯ ವೆಬ್‌ಸೈಟು ಜೆಪಿಜಿ ಬಾಲ ಇದ್ದರೆ ಮಾತ್ರ ತೆಗೆದುಕೊಳ್ಳುತ್ತದೆ. ನಾವು ಹೆಸರಿನ ಮೇಲೆ ಒತ್ತಿ, ಹಳೆಯ ಬಾಲ ಅಳಿಸಿ, ಜೆಪಿಜಿ ಎಂದು ಬರೆದರೆ ಮುಗಿಯಿತು, ಫೋಟೊ ಚೆನ್ನಾಗಿಯೇ ತೆರೆಯುತ್ತದೆ. ನೂರು ಫೋಟೊ ಇದ್ದರೆ ಒಂದೊಂದನ್ನೇ ಬದಲಿಸಬೇಕಿಲ್ಲ. ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಈ ಬಾಲದವೆಲ್ಲ ಆ ಬಾಲದವಾಗಲಿ ಎಂದು ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು. ಬಸ್ ನಿಲ್ದಾಣದ ಸುತ್ತಲಿನ ಎಲ್ಲ ಅಂಗಡಿಗಳಲ್ಲೂ ಇದೇ ಪದ್ಧತಿ. ವರ್ಷಗಟ್ಟಲೆ ಮಾಡಿದ್ದೇನೆ. ಒಂದು ಸಲವೂ ಕೆಟ್ಟಿರಲಿಲ್ಲ.

ತಂಗಿ ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದಳು. ಆಮೇಲೆ ಒಂದು ಖಾಸಗಿ ಏಜೆನ್ಸಿಯಲ್ಲಿ ಸರ್ವೆ ಕೆಲಸ ಸಿಕ್ಕಿತು. ಹಳ್ಳಿಗಳಲ್ಲಿ ಪ್ರತಿ ಮನೆಯ ನಳದ ಫೋಟೊ ತೆಗೆಯಬೇಕು. ನಳ ಕಾಣಬೇಕು, ಪಕ್ಕದಲ್ಲಿ ಮನೆಯವರೊಬ್ಬರು ನಿಂತಿರಬೇಕು, ಬಾಗಿಲ ಮೇಲಿನ ನಂಬರು ಕಾಣಬೇಕು. ಯಾವ ಮನೆಗೆ ಯಾವ ಫೋಟೊ ಎಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಫೋಟೊಗಳನ್ನೆಲ್ಲ ಏಜೆನ್ಸಿಯ ವೆಬ್‌ಸೈಟಿಗೆ ಹಾಕಬೇಕು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಮೊದಲ ದಿನ ಕಂಪ್ಲಿ ಬಸ್ಸು ಹತ್ತಿದಾಗ ಅವಳು ನಮ್ಮ ಅಂಗಡಿ ಮುಂದೆ ಬೇಕಂತಲೇ ಹಾದು ಹೋಗಿದ್ದಳು.

ಕಂಪ್ಲಿ ಕಡೆಯ ಮೊದಲ ಹಳ್ಳಿ ಮುಗಿಯುವಷ್ಟರಲ್ಲಿ ಅವಳ ಫೋನು ತುಂಬಿತು. ಅದು ನಾನೇ ಕೊಡಿಸಿದ ಹಳೆಯ ಫೋನು.

"ಅಣ್ಣ, ಇನ್ನೂರ ಹತ್ತು ಫೋಟೊಕ್ಕs ಜಾಗ ಇಲ್ಲ ಅಂತೈತಿ. ಮುಂದ ಗಾದಿಗನೂರು, ಮರಿಯಮ್ಮನಹಳ್ಳಿ ಸೀಮಿ ಎಲ್ಲಾ ಐತಿ. ಏನ್ ಮಾಡ್ಲಿ?"

"ತಾ ಇಲ್ಲಿ" ಎಂದು ಫೋನು ಇಸಿದುಕೊಂಡು, ಅದರಲ್ಲಿದ್ದ ಹಾಡು, ವಿಡಿಯೊಗಳನ್ನೆಲ್ಲ ಅಳಿಸಿ, ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಕಡಿಮೆ ಜಾಗದಲ್ಲಿ ಫೋಟೊ ಉಳಿಸುವ ಗುಂಡಿ ಒತ್ತಿದೆ. "ಇನ್ನ ಮ್ಯಾಲ ಬೇಕಾದಷ್ಟು ಹಿಡಿತಾವ, ನೋಡು."

ಆ ಗುಂಡಿ ಒತ್ತಿದ ಮೇಲೆ ಫೋನು ಫೋಟೊಗಳನ್ನು ಜೆಪಿಜಿಯಾಗಿ ಉಳಿಸುವುದಿಲ್ಲ, ಎಚ್‌ಇಐಸಿ ಎಂಬ ಬೇರೆಯೇ ಬಗೆಯಲ್ಲಿ ಉಳಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇದು ಮಾತ್ರ ಪೂರ್ತಿ ನಿಜ.

ಒಂದು ತಿಂಗಳ ನಂತರ ಅವಳು ಅಂಗಡಿಗೆ ಬಂದಳು. ಗಾದಿಗನೂರಿನ ರಸ್ತೆಯ ಕೆಂಪು ಧೂಳು ಚಪ್ಪಲಿಯಿಂದ ಮೊಣಕಾಲವರೆಗೆ ಹತ್ತಿತ್ತು. ಸಂಜೆ ಐದರೊಳಗೆ ಎಲ್ಲ ಫೋಟೊ ವೆಬ್‌ಸೈಟಿಗೆ ಹೋಗಬೇಕು ಎಂದಳು. ಕಾಲೇಜು ಪ್ರವೇಶದ ದಿನಗಳು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಫೋನಿನಿಂದ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಕಂಪ್ಲಿ ಕಡೆಯ ಹಳೆಯ ಇನ್ನೂರ ಹತ್ತರ ಜೊತೆಗೇ ಒಂದೇ ಫೋಲ್ಡರಿಗೆ ಹಾಕಿದೆ. ವೆಬ್‌ಸೈಟು ಹಳೆಯವನ್ನು ತೆಗೆದುಕೊಂಡಿತು, ಹೊಸ ಒಂಬೈನೂರ ಮೂವತ್ತನ್ನು ತಿರಸ್ಕರಿಸಿತು. ಜೆಪಿಜಿ ಮಾತ್ರ ಎಂದು ಕೆಂಪಕ್ಷರದಲ್ಲಿ ಬಂತು.

ಮೊದಲು ಸರಿಯಾದ ದಾರಿಯನ್ನೇ ಹಿಡಿದೆ. ಫೋಟೊಗಳನ್ನು ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾಡಿಕೊಡುವ ವೆಬ್‌ಸೈಟು ಹುಡುಕಿದೆ. ಅದು ಒಂದು ಸಲಕ್ಕೆ ಇಪ್ಪತ್ತನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ನಮ್ಮ ನೆಟ್ಟಿನಲ್ಲಿ ಇಪ್ಪತ್ತಕ್ಕೆ ಹತ್ತು ನಿಮಿಷ. ಮೇಲಾಗಿ ಅದು ಫೋಟೊಗಳ ಹೆಸರನ್ನೇ ಬದಲಿಸಿ ತನ್ನದೇ ಹೆಸರಿಡುತ್ತಿತ್ತು. ಹೆಸರು ಹೋದರೆ ರಿಜಿಸ್ಟರಿನಲ್ಲಿರುವ ಮನೆ ನಂಬರಿಗೆ ತಾಳೆಯಾಗುವುದಿಲ್ಲ. ಹಿಂದಿನಿಂದ ಯಾರೋ "ಏನ್ರೀ, ನಮ್ದು ಇವತ್ತು ಆಗ್ತೈತೋ ನಾಳಿಗೆ ಬರೂಣೋ?" ಎಂದರು.

ಆಗ ಕಪ್ಪು ಕಿಟಕಿ ತೆರೆದು ಎಚ್‌ಇಐಸಿ ಬಾಲದವೆಲ್ಲ ಜೆಪಿಜಿ ಆಗಲಿ ಎಂದು ಬರೆದು ಒತ್ತಿದೆ. ಮಗ್ಗಿ ಒಪ್ಪಿಸುವಷ್ಟೂ ಹೊತ್ತಾಗಲಿಲ್ಲ. ಎಲ್ಲ ಬದಲಾಗಿದ್ದವು. ಒಂದು ಹೆಸರೂ ಕೆಟ್ಟಿರಲಿಲ್ಲ.

ಒಂದನ್ನು ತೆರೆದು ನೋಡಿದೆ. ತೆರೆಯಲಿಲ್ಲ. ಫೈಲು ಕೆಟ್ಟಿರಬಹುದು ಎಂದು ಬಂತು. ಇನ್ನೊಂದನ್ನು ತೆರೆದೆ. ಅದೂ ಹಾಗೇ. ಮೂರನೆಯದನ್ನು ತೆರೆಯಲಿಲ್ಲ. ವೆಬ್‌ಸೈಟಿಗೆ ಹಾಕಿ ನೋಡಿದೆ. ಅದು ಬಾಲವನ್ನಷ್ಟೇ ನೋಡುತ್ತದೆ, ಒಳಗೆ ನೋಡುವುದಿಲ್ಲ. ಒಂದರ ಹಿಂದೊಂದು ಹಸಿರು ಗುರುತು ಬೀಳತೊಡಗಿದವು. ಅಷ್ಟು ಫೋಟೊಗಳನ್ನು ಯಾರು ಕೂತು ನೋಡುತ್ತಾರೆ ಎಂದುಕೊಂಡೆ.

"ಎಲ್ಲಾ ಆತೇನು ಅಣ್ಣ?"

"ಆತು."

"ಫೋನಿನಾಗಿನವು ಅಳಿಸ್ಲೇನು? ನಾಳಿಂದ ಮತ್ತ ಹೋಗ್ಬೇಕು."

"ಅಳಿಸು."

ನಮ್ಮ ಮಾಲಕರು ಗಲ್ಲಾದ ಮೇಲಿಂದ ನಕ್ಕರು. "ನಿಮ್ಮಣ್ಣ ಇಂಜಿನಿಯರ್ ಅದಾನವಾ. ಸರ್ಟಿಫಿಕೇಟ್ ಒಂದs ಕಮ್ಮಿ."

ತಂಗಿಯೂ ನಕ್ಕಳು. ಅಲ್ಲೇ ನಿಂತು ಫೋನಿನಲ್ಲಿದ್ದ ಫೋಟೊಗಳನ್ನು ಅಳಿಸಿದಳು.

ಮೂರು ವಾರ ಏನೂ ಆಗಲಿಲ್ಲ. ನಾನು ಮರೆತೆ ಎಂದು ಹೇಳಲಾರೆ. ಮರೆಯಲು ಶುರು ಮಾಡಿದ್ದೆ.

ಒಂದು ಮಧ್ಯಾಹ್ನ ಅವಳು ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ. "ಅಣ್ಣ, ಫೋಟೊ ಒಂದೂ ತೆಗಿವಲ್ಲವಂತ. ಕಂಪ್ಲಿ ಕಡೀವು ಅಷ್ಟs ಸರಿ ಅದಾವಂತ. ಉಳಿದವೆಲ್ಲಾ ಖಾಲಿ."

ಏಜೆನ್ಸಿಯ ಕಚೇರಿಗೆ ಅವಳ ಜೊತೆ ಹೋದೆ. ಸೂಪರ್ವೈಸರ್ ನನಗಿಂತ ಚಿಕ್ಕವನು. ಕೆಟ್ಟವನಲ್ಲ. ಕುಂದ್ರಿ ಎಂದು ಕುರ್ಚಿ ತೋರಿಸಿದ.

"ನೋಡ್ರಿ, ನಿಮ್ಮ ತಂಗಿ ಮೊದಲ್ನೇ ಊರಿಗೆ ಹೋಗ್ಯಾರ. ಆಮ್ಯಾಲೆ ಬಿಸಿಲು ಹೆಚ್ಚಾತು, ಮನ್ಯಾಗ ಕುಂತಾರ. ನಾ ಇದನ್ನ ಹೊಸದಾಗಿ ನೋಡಾಕತ್ತಿಲ್ಲ. ಸಂಡೂರ್ ಕಡಿಗೆ ಇಬ್ರು ಹಿಂಗs ಮಾಡಿದ್ರು. ಖಾಲಿ ಫೈಲಿಗೆ ಜೆಪಿಜಿ ಅಂತ ಬಾಲ ಹಚ್ಚಿ ಹಾಕಿದ್ರು. ವೆಬ್‌ಸೈಟಿಗೆ ಗೊತ್ತಾಗಂಗಿಲ್ಲ, ನಮಗ ಗೊತ್ತಾಗ್ತೈತಿ."

"ನಾ ಹೋಗೀನಿ ಸರ್" ಎಂದಳು ತಂಗಿ. "ಬ್ಯಾಕಾದ್ರ ರಿಜಿಸ್ಟರ್ ನೋಡ್ರಿ."

"ರಿಜಿಸ್ಟರ್ ಮನ್ಯಾಗ ಕುಂತೂ ಬರೀಬೌದು. ಫೋನಿನಾಗ ಅದಾವೇನು? ತೋರಿಸ್ರಿ, ಈಗs ಮುಗಿಸೂಣು."

ಅವಳು ನನ್ನ ಕಡೆ ತಿರುಗಿದಳು. ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. "ಹಾಕೂ ಮುಂದ ನೆಟ್ ಕಟ್ಟಾಗಿ ಕೆಟ್ಟಿರಬೇಕ್ರಿ" ಎಂದೆ ನಾನು. ಸೂಪರ್ವೈಸರ್ ನಕ್ಕ. "ಒಂಬೈನೂರ ಮೂವತ್ತು ಸಲ ಕಟ್ಟಾತೇನ್ರೀ?"

ಬಾಲ ಬದಲಿಸಿದ್ದರಿಂದ ಫೋಟೊಗಳು ಸತ್ತೇ ಹೋದವು ಎಂದು ನಾನು ತಿಳಿದಿದ್ದೆ. ಸತ್ತದ್ದನ್ನು ಒಪ್ಪಿಕೊಂಡರೂ ಅವಳಿಗೆ ಏನೂ ವಾಪಸು ಬರುವುದಿಲ್ಲ, ನನ್ನ ಮರ್ಯಾದೆ ಒಂದು ಹೋಗುತ್ತದೆ ಎಂದು ಲೆಕ್ಕ ಹಾಕಿದೆ.

ಎರಡು ದಿನದ ನಂತರ ಅವಳಿಗೆ ಒಂದು ಪತ್ರ ಬರೆದುಕೊಡಲು ಹೇಳಿದರು. ಇಂತಿಂಥ ಹಳ್ಳಿಗಳಿಗೆ ಹೋಗದೆ ಫೋಟೊ ಹಾಕಿದ್ದೇನೆ, ತಪ್ಪಾಯಿತು ಎಂದು ಬರೆದು ಸಹಿ ಮಾಡಿದರೆ ಕೆಲಸದಿಂದ ಬಿಟ್ಟು ಅಲ್ಲಿಗೆ ಮುಗಿಸುತ್ತಾರಂತೆ. ಇಲ್ಲದಿದ್ದರೆ ವಿಚಾರಣೆ. ಅವಳು ಊಟ ಮಾಡದೆ ತಟ್ಟೆಯ ಮುಂದೆ ಕೂತಿದ್ದಳು.

"ಹೋಗಿಲ್ಲ ಅಂತ ಹೆಂಗ ಬರೀಲಿ ಅಣ್ಣ? ಗಾದಿಗನೂರಾಗ ಎಷ್ಟು ಮನ್ಯಾಗ ನೀರು ಇಸ್ಕೊಂಡು ಕುಡುದೀನಿ. ವಿಚಾರಣೆ ಮಾಡ್ಲಿ. ಬಂದು ಕೇಳ್ಲಿ."

ವಿಚಾರಣೆ ಎಂದರೆ ನಮ್ಮ ಅಂಗಡಿಯ ಕಂಪ್ಯೂಟರಿನವರೆಗೂ ಬರುತ್ತಾರೆ ಎಂಬುದು ನನಗೆ ಹೊಳೆದಿತ್ತು.

"ಅದೆಲ್ಲಾ ಬ್ಯಾಡ" ಎಂದೆ. "ಪೊಲೀಸು ಗಿಲೀಸು ಅಂತ ಆದ್ರ ಯಾರು ಓಡಾಡ್ಬೇಕು? ಸಹಿ ಮಾಡಿ ಕೊಟ್ಟುಬಿಡು. ಬ್ಯಾರೆ ಕೆಲಸ ಸಿಗ್ತೈತಿ."

"ನೀನs ಹಿಂಗಂತಿ?"

"ನಿನ್ನ ಒಳ್ಳೇದಕ್ಕs ಹೇಳ್ತೀನಿ."

ಮರುದಿನ ಅವಳು ಬರೆದುಕೊಟ್ಟು ಬಂದಳು. ಗುರುತಿನ ಚೀಟಿ ಕೇಳಿದರಂತೆ. ಕಳೆದುಹೋಗಿದೆ ಎಂದು ಸುಳ್ಳು ಹೇಳಿ ಅದನ್ನು ಉಳಿಸಿಕೊಂಡಿದ್ದಳು. ಅವಳು ತಾನಾಗಿ ಹೇಳಿದ ಸುಳ್ಳು ಅದೊಂದೇ.

ಮುಂದಿನ ವಾರ ಒಬ್ಬ ಗಿರಾಕಿ ಹಂಪಿಯಲ್ಲಿ ತೆಗೆದ ಫೋಟೊಗಳ ಪ್ರಿಂಟ್ ಕೇಳಿಕೊಂಡು ಬಂದರು. ಪೆನ್‌ಡ್ರೈವ್ ಹಾಕಿದೆ. ಎಲ್ಲಕ್ಕೂ ಎಚ್‌ಇಐಸಿ ಬಾಲ. ನಮ್ಮಲ್ಲಿ ಆಗುವುದಿಲ್ಲ ಎಂದು ಎದುರಿನ ಮೊಬೈಲ್ ರಿಪೇರಿ ಅಂಗಡಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರು ಜೆಪಿಜಿ ಮಾಡಿಸಿಕೊಂಡು ವಾಪಸು ಬಂದರು. ಎಲ್ಲ ತೆರೆದವು.

ಗಿರಾಕಿ ಹೋದ ಮೇಲೆ ರಿಪೇರಿಯವನ ಹತ್ತಿರ ಹೋದೆ. ಬೇರೆಯವರ ಮಾತು ಎಂಬಂತೆ ಕೇಳಿದೆ. "ಯಾರೋ ಒಬ್ರು ಎಚ್‌ಇಐಸಿ ಬಾಲ ಕಿತ್ತು ಜೆಪಿಜಿ ಅಂತ ಮಾಡ್ಯಾರಂತ. ಫೋಟೊ ಹೋದ್ವು ಅಲ್ಲ?"

ಅವನು ತಲೆ ಎತ್ತದೆ ಫೋನಿನ ಮುಚ್ಚಳ ಬಿಚ್ಚುತ್ತಲೇ ಹೇಳಿದ. "ಯಾಕ ಹೋಗ್ತಾವ? ಉಪ್ಪಿನ ಡಬ್ಬಿ ಮ್ಯಾಲ ಸಕ್ರಿ ಅಂತ ಚೀಟಿ ಅಂಟಿಸಿದ್ರ ಒಳಗ ಉಪ್ಪs ಇರ್ತೈತಿ. ಚೀಟಿ ಕಿತ್ತು ಮತ್ತ ಉಪ್ಪು ಅಂತ ಬರೀಬೇಕು, ಅಷ್ಟ."

"ಮತ್ತ ಜೆಎಫ್‌ಐಎಫ್ ಬದಲು ಮಾಡಿದ್ರ ತೆಗಿತಾವಲ್ಲ?"

"ಅದೂ ಜೆಪಿಜಿನೂ ಒಂದs ಮಾಲು. ಹೆಸರು ಎರಡು. ಇದು ಹಂಗಲ್ಲ." ಆಮೇಲೆ ನನ್ನ ಮುಖ ನೋಡಿದ. "ಯಾರಲೇ ಅವ, ಮಾಡಿದವ?"

ನಾನು ಆಗಲೇ ರಸ್ತೆ ದಾಟುತ್ತಿದ್ದೆ.

ಫೋಲ್ಡರು ಇದ್ದ ಜಾಗದಲ್ಲಿ ಇರಲಿಲ್ಲ. ನಮ್ಮ ಮಾಲಕರು ಪ್ರತಿ ಅಮಾವಾಸ್ಯೆಗೆ ಮಷೀನುಗಳನ್ನೆಲ್ಲ ಒರೆಸಿ, ವಿಭೂತಿ ಹಚ್ಚಿ ಪೂಜೆ ಮಾಡುತ್ತಾರೆ. ಅದೇ ದಿನ ಗಿರಾಕಿಗಳ ಹಳೆಯ ಫೈಲುಗಳನ್ನೂ ಅಳಿಸುತ್ತಾರೆ. ಅಮಾವಾಸ್ಯೆ ಮುಗಿದು ಎರಡು ದಿನವಾಗಿತ್ತು. ಅಳಿಸಿದವು ಕಂಪ್ಯೂಟರಿನ ಕಸದ ಬುಟ್ಟಿಗೆ ಹೋಗುತ್ತವೆ, ಬುಟ್ಟಿ ಖಾಲಿ ಮಾಡುವುದು ನನ್ನ ಕೆಲಸ. ನಾನು ಮಾಡಿರಲಿಲ್ಲ. ಸೋಮಾರಿತನದಿಂದ ಬಿಟ್ಟದ್ದು. ಬುಟ್ಟಿಯಿಂದ ಫೋಲ್ಡರನ್ನು ವಾಪಸು ತೆಗೆದೆ.

ಈಗ ಇನ್ನೊಂದು ತೊಡಕು. ಕಂಪ್ಲಿ ಕಡೆಯ ಇನ್ನೂರ ಹತ್ತು ನಿಜವಾದ ಜೆಪಿಜಿಗಳು ಅದೇ ಫೋಲ್ಡರಿನಲ್ಲಿದ್ದವು. ನಾನೇ ಎಲ್ಲಕ್ಕೂ ಒಂದೇ ಬಾಲ ಹಚ್ಚಿದ್ದರಿಂದ ಯಾವುದು ಯಾವುದೆಂದು ಹೆಸರಿನಲ್ಲಿ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಒಮ್ಮೆಗೇ ತಿರುಗಿಸಿದರೆ ಸರಿ ಇದ್ದವೂ ಕೆಡುತ್ತಿದ್ದವು. ಈ ಸಲ ಅವಸರ ಮಾಡಲಿಲ್ಲ. ಮೊದಲು ಇಡೀ ಫೋಲ್ಡರಿನ ನಕಲು ಮಾಡಿ ಬೇರೆ ಪೆನ್‌ಡ್ರೈವಿಗೆ ಇಟ್ಟೆ. ಸರಿ ಇರುವವು ಸಣ್ಣ ಚಿತ್ರವಾಗಿ ಕಾಣುತ್ತವೆ, ಉಳಿದವು ಬರೀ ಬಿಳಿ ಹಾಳೆಯಂತೆ ಕಾಣುತ್ತವೆ. ಕಾಣುವ ಇನ್ನೂರ ಹತ್ತನ್ನು ಒಂದೊಂದಾಗಿ ಆರಿಸಿ ಬೇರೆ ಇಟ್ಟೆ. ಎಣಿಸಿದೆ. ಉಳಿದ ಒಂಬೈನೂರ ಮೂವತ್ತಕ್ಕೆ ಅದೇ ಆಜ್ಞೆಯನ್ನು ತಿರುಗಿಸಿ ಬರೆದು ಒತ್ತಿದೆ.

ಆಮೇಲೆ ರಿಪೇರಿಯವನ ಹತ್ತಿರ ಮತ್ತೆ ಹೋಗಿ ಒಂದು ಸಣ್ಣ ಪ್ರೋಗ್ರಾಮ್ ಇಸಿದುಕೊಂಡು ಬಂದೆ. ಅದು ಹೆಸರು ಕೆಡಿಸದೆ ಒಳಗಿನದನ್ನೇ ಜೆಪಿಜಿ ಮಾಡುತ್ತದೆ. ನಮ್ಮ ಹಳೆಯ ಕಂಪ್ಯೂಟರು ಐವತ್ತಕ್ಕೊಮ್ಮೆ ನಿಂತುಹೋಗುತ್ತಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೂರು ದಿನ ಕೂತೆ. ಒಂದೊಂದನ್ನೂ ತೆರೆದು, ಅವಳು ಮನೆಯಲ್ಲಿ ಇಟ್ಟುಕೊಂಡಿದ್ದ ರಿಜಿಸ್ಟರಿನ ನಕಲಿಗೆ ತಾಳೆ ನೋಡಿದೆ.

ತಂಗಿ ಮಾಡಿದ ಕೆಲಸವನ್ನು ನಾನು ನೋಡಿದ್ದು ಆಗಲೇ. ನಳದ ಪಕ್ಕ ಸೆರಗು ಸರಿಪಡಿಸಿಕೊಂಡು ನಿಂತ ಅಜ್ಜಿಯರು. ಕೊಡ ಕಂಕುಳಲ್ಲಿಟ್ಟುಕೊಂಡೇ ನಿಂತವರು. ನಳವೇ ಬಾರದ ಮನೆಯಲ್ಲಿ ಬರೀ ಪೈಪಿನ ತುದಿ ತೋರಿಸುತ್ತಿರುವ ಗಂಡಸು. ಬಹಳ ಫೋಟೊಗಳಲ್ಲಿ ಕೆಳಗಡೆ ನೆಲದ ಮೇಲೆ ಅವಳ ನೆರಳಿತ್ತು. ನೆರಳು ಚಿಕ್ಕದಾಗಿತ್ತು. ನಡುಮಧ್ಯಾಹ್ನ ತೆಗೆದವು.

ಮೂಲ ಫೋಟೊಗಳ ಒಳಗೆ ತೆಗೆದ ದಿನ, ಹೊತ್ತು, ಜಾಗ ಎಲ್ಲವೂ ದಾಖಲಾಗಿದ್ದವು. ಜೆಪಿಜಿ ಮಾಡಿದವುಗಳಲ್ಲಿ ಜಾಗದ ಗುರುತು ಉಳಿದಿರಲಿಲ್ಲ. ಹಾಗಾಗಿ ಎರಡನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ.

ಕಚೇರಿಗೆ ಹೋಗುವ ಮೊದಲು ಅವಳಿಗೆ ಹೇಳಬೇಕಿತ್ತು. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಜೆಎಫ್‌ಐಎಫ್ ಎಂದೆ, ಬಾಲ ಎಂದೆ, ಉಪ್ಪಿನ ಡಬ್ಬಿಯ ಮಾತನ್ನೂ ಹೇಳಿದೆ. ಫೋಟೊ ಸಿಕ್ಕಿವೆ ಎಂದೆ. ಅವಳು ಒಗೆಯುವುದನ್ನು ನಿಲ್ಲಿಸಿದಳು.

"ಬದಲು ಮಾಡಿದ ಮ್ಯಾಲ ಒಂದನ್ನರ ತೆಗದು ನೋಡಿದ್ಯಾ?"

ಇಲ್ಲ ಎನ್ನಲು ಬಾಯಿ ಸಿದ್ಧವಾಗಿತ್ತು.

"ಎರಡು ನೋಡ್ದೆ. ತೆಗೀಲಿಲ್ಲ."

"ಅಂದ್ರ ಅವತ್ತs ಗೊತ್ತಿತ್ತು."

"ಗೊತ್ತಿತ್ತು."

ಅವಳು ಒದ್ದೆ ಲಂಗವನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಇನ್ನೊಂದನ್ನು ಹಿಂಡಿದಳು. "ಹೋಗಿ ಅವ್ರಿಗೆ ಹೇಳು. ನಾ ಬರಂಗಿಲ್ಲ" ಎಂದಳು.

ಸೂಪರ್ವೈಸರ್ ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಮೂಲ ಫೋಟೊಗಳನ್ನು ತನ್ನ ಫೋನಿಗೆ ಹಾಕಿಕೊಂಡು ದಿನ, ಜಾಗ ನೋಡಿದ. ಅವನ ಮುಖ ಇಳಿಯಿತು. ನಾನು ಏನು ಮಾಡಿದೆನೆಂದು ಹೇಳಿದೆ. ತೆರೆಯದಿದ್ದುದು ನನಗೆ ಗೊತ್ತಿತ್ತು ಎಂದೂ ಹೇಳಿದೆ.

"ಭಾಳ ಕೆಟ್ಟ ಕೆಲಸ ಮಾಡಿದ್ರಿ" ಎಂದ. "ಫೋಟೊ ಚಲೋ ಅದಾವು. ನಾವು ಹಾಕ್ಕೊಂತೀವಿ. ಆದ್ರ ಆಕಿನ ಜಾಗಕ್ಕ ಬ್ಯಾರೆಯವ್ರನ್ನ ತಗೊಂಡಾತು, ಅವ್ರ ಲೆಕ್ಕಕ್ಕs ಹೋಗ್ತಾವು. ಪತ್ರ ಮ್ಯಾಲಿನ ಆಫೀಸಿಗೆ ಹೋಗೈತಿ. ಇನ್ನ ಯಾವ ಸರ್ವೆಗೂ ಆಕಿನ್ನ ತಗೊಳಂಗಿಲ್ಲ."

"ಆಕಿ ತಪ್ಪಿಲ್ಲಲ್ರೀ."

"ತಪ್ಪಿಲ್ಲಂದ್ರ ಸಹಿ ಯಾಕ ಮಾಡಿದ್ಲು? ಮ್ಯಾಲಿನವ್ರು ಅದನ್ನs ಕೇಳ್ತಾರ. ಹೋದವ್ರು ಯಾರರ ಹೋಗಿಲ್ಲ ಅಂತ ಬರ್ಕೊಡ್ತಾರೇನ್ರೀ?"

ಅವನು ನನ್ನ ಉತ್ತರಕ್ಕೆ ಕಾದ. ನಿಜವಾಗಿಯೂ ಕಾದ. ನಾನು ಮೇಜಿನ ಮೇಲಿದ್ದ ಪೆನ್‌ಡ್ರೈವನ್ನು ನೋಡುತ್ತಾ ಕೂತೆ. ಒಂದು ತಪ್ಪು ಒಪ್ಪಿಕೊಂಡೆನಲ್ಲ, ಅಷ್ಟು ಸಾಕು ಅನ್ನಿಸಿತ್ತು. ಅವನು ನಿಟ್ಟುಸಿರು ಬಿಟ್ಟು ಬೇರೆ ಕಾಗದ ಎಳೆದುಕೊಂಡ.

ಮನೆಗೆ ಬಂದು ನಡೆದದ್ದನ್ನು ತಂಗಿಗೆ ಹೇಳಿದೆ. ಅವಳು ತೆಗೆದ ಫೋಟೊಗಳು ಇನ್ನೊಬ್ಬರ ಲೆಕ್ಕದಲ್ಲಿ ಹೋಗುತ್ತವೆ ಎಂದೂ ಹೇಳಿದೆ. ಅವಳು ಒಂದೇ ಮಾತು ಕೇಳಿದಳು. "ಸಹಿ ಯಾಕ ಮಾಡಿದ್ಲು ಅಂತ ಕೇಳಿದ್ನಲ್ಲ, ಏನಂದಿ?"

ನಾನು ಗೂಟಕ್ಕೆ ಅಂಗಿ ತೂಗುಹಾಕಲು ತಿರುಗಿದೆ. ಅವಳಿಗೆ ತಿಳಿಯಿತು. ಆಮೇಲೆ ಹದಿನೈದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನೀರು ಕೊಡುವಾಗ ಚೊಂಬನ್ನು ಕೈಗೆ ಕೊಡದೆ ನೆಲದ ಮೇಲೆ ಇಡುತ್ತಿದ್ದಳು. ಫೋನು ಕೆಟ್ಟರೆ ಎದುರಿನ ರಿಪೇರಿಯವನ ಹತ್ತಿರ ಹೋಗುತ್ತಿದ್ದಳು, ನಮ್ಮ ಅಂಗಡಿಯ ಕಡೆ ತಿರುಗದೆ.

ಏಜೆನ್ಸಿಯ ಮೇಲಿನ ಕಚೇರಿಗೆ ನಾನು ಒಂದು ಪತ್ರ ಬರೆದೆ. ದಿನಾ ಬೇರೆಯವರ ಅರ್ಜಿ ಬರೆಯುವವನು ನಾನು. ನನ್ನದನ್ನು ಬರೆಯಲು ಮೂರು ಹಾಳೆ ಹರಿದೆ. ಫೋಟೊಗಳ ಹೆಸರು ಬದಲಿಸಿದ್ದು ನಾನು. ತೆರೆಯುವುದಿಲ್ಲ ಎಂದು ಅವತ್ತೇ ನೋಡಿದ್ದೆ. ಫೋನಿನಿಂದ ಅಳಿಸು ಎಂದವನು ನಾನು. ಸಹಿ ಮಾಡುವುದಿಲ್ಲ, ವಿಚಾರಣೆ ಆಗಲಿ ಎಂದು ಆಕೆ ಹೇಳಿದ್ದಳು. ನನ್ನ ತಪ್ಪು ಹೊರಗೆ ಬರುತ್ತದೆ ಎಂದು ಹೆದರಿ, ಸಹಿ ಮಾಡು ಎಂದು ಒತ್ತಾಯ ಮಾಡಿದವನೂ ನಾನೇ. ಇಷ್ಟನ್ನು ಬರೆದು ನನ್ನ ಪೂರ್ತಿ ಹೆಸರು, ಅಂಗಡಿಯ ವಿಳಾಸ ಹಾಕಿದೆ. ಮಾಲಕರು ಓದಿದರು. "ಇದನ್ನ ಕಳಿಸಿದ್ರ ನಮ್ಮ ಅಂಗಡಿಗೆ ಯಾರು ಬರ್ತಾರೋ?" ಎಂದರು. ಕಳಿಸಬೇಡ ಎನ್ನಲಿಲ್ಲ.

ಅಂಚೆಗೆ ಹಾಕುವ ಮುನ್ನ ಅದನ್ನು ತಂಗಿಯ ಮುಂದೆ ಇಟ್ಟೆ. ಅವಳು ಬಾಗಿಲ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಕೊನೆಯ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಅದರಿಂದ ಕೆಲಸ ವಾಪಸು ಬರುತ್ತದೆ ಎಂದು ಅವಳೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ. ಇವತ್ತಿನವರೆಗೂ ಉತ್ತರ ಬಂದಿಲ್ಲ.

ಹಾಳೆಯನ್ನು ಮಡಚಿದ್ದಲ್ಲೇ ಮಡಚಿ ನನ್ನ ಕೈಗೆ ಕೊಟ್ಟಳು.

"ಜೆರಾಕ್ಸ್ ಮಾಡ್ಸು" ಎಂದಳು. "ಒಂದು ನನ್ನ ಹತ್ರ ಇರ್ಲಿ."